ಗಾಮದೇವಿ, ಗಿರಗಾಂವ: ವಿಳಾಸವಿದ್ದವರ ಇತಿಹಾಸ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ‘ಗಿರಗಾಂವದ ಹಳೆಯ ಕನ್ನಡಿಗರು’ ಎಂಬ ವಿಷಯವಾಗಿ ನಾಲ್ಕು ಪುಟ ಬರೆದುಕೊಡಿರೆಂದು ಸಮಿತಿಯ ಸದಸ್ಯರೂ ನಮ್ಮ ಮಿತ್ರರೂ ಆದವರೊಬ್ಬರು ಕಳೆದ ವರ್ಷ ಕೇಳಿದರು. ಇದೇನು ಮಹಾ ಕೆಲಸವೆಂದು ಒಪ್ಪಿಕೊಂಡೆವು. ನಮ್ಮ ತಂದೆಯವರು ಆ ಭಾಗದಲ್ಲಿ ಹಲವು ವರ್ಷ ಇದ್ದವರು. ಟಿಟ್ವಾಳಾದಿಂದ ಕಚೇರಿಗೆ ಹೋಗಿಬರಲು ದಿನಕ್ಕೆ ಮೂರು ತಾಸಿಗೆ ಕಡಿಮೆಯಿಲ್ಲದಂತೆ ಲೋಕಲಿನಲ್ಲಿ ಕಳೆಯುವ ನಮಗೆ ಓದಲು ಸಮಯದ ಅಭಾವವೂ ಇಲ್ಲ. ಕೂಡಲು ಜಾಗದ ಅಭಾವ ಮಾತ್ರ ಉಂಟು, ಅದು ಹೋಗುವಾಗ ಅಲ್ಲ, ಬರುವಾಗ. ಹೀಗೆ ಐದಾರು ಪುಸ್ತಕಗಳನ್ನು ಒಂದೊಂದಾಗಿ ಚೀಲದಲ್ಲಿ ಹೊತ್ತು ಓದಿದ್ದಾಯಿತು. ಕೇಳಿದ ನಾಲ್ಕು ಪುಟ ಮಾತ್ರ ಬರೆಯಲಾಗಲಿಲ್ಲ. ಯಾಕೆ ಆಗಲಿಲ್ಲವೆಂಬುದನ್ನು ಹೇಳಹೊರಟರೆ ಅದೇ ಒಂದು ಟೀಕೆಯಾಗುತ್ತದೆ. ಬಿ.ಎಸ್ಸಿ. ಓದಿ ಗುಮಾಸ್ತರಾದ ನಮಗೆ ವಿಮರ್ಶೆಯ ಪರಿಭಾಷೆ ತಿಳಿಯದು; ವಾಚಕರು ಅಷ್ಟನ್ನು ಮನ್ನಿಸಬೇಕು.

ಡೊಂಬಿವಲಿ, ಕಲ್ಯಾಣಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಗಿರಗಾಂವವೆಂದರೆ ಗಣಪತಿ ವಿಸರ್ಜನೆಯ ದಿನ ಟಿ.ವಿ.ಯಲ್ಲಿ ಕಾಣುವ ಚೌಪಾಟಿ, ಅಷ್ಟೆ. ಆದ್ದರಿಂದ ಮೊದಲು ಜಾಗ ಹೇಳುತ್ತೇವೆ. ಚರ್ನಿ ರೋಡ್ ಸ್ಟೇಶನ್ನಿನಿಂದ ಪೂರ್ವಕ್ಕೆ ಇಳಿದರೆ ಸಿಗುವುದು ಗಿರಗಾಂವದ ವಾಡಿಗಳು: ಖೋತಾಚಿ ವಾಡಿ, ಆಂಬೇವಾಡಿ, ಕಾಂದೇವಾಡಿ, ಫಣಸವಾಡಿ, ಮುಂದೆ ಠಾಕುರದ್ವಾರ. ಹಿಂದೆ ತೋಟಗಳಿದ್ದಲ್ಲಿ ಚಾಳುಗಳೆದ್ದವು, ಮರಗಳ ಹೆಸರು ಉಳಿಯಿತು. ಫಣಸವೆಂದರೆ ಹಲಸು. ಹಲಸಿನ ಊರಿನಿಂದ ಓಡಿ ಬಂದು ಹಲಸಿನ ವಾಡಿಯಲ್ಲೇ ಬಿದ್ದೆ, ಆದರೆ ಒಂದು ತೊಳೆ ಹಣ್ಣೂ ಕಾಣಲಿಲ್ಲ ಎಂದು ನಮ್ಮ ತಂದೆಯವರು ನಗುತ್ತಿದ್ದರು. ರೈಲು ಹಳಿಯ ಆಚೆ, ಚೌಪಾಟಿಯ ಉತ್ತರಕ್ಕೆ, ಕಾಲ್ನಡಿಗೆಯಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ ಗಾಮದೇವಿ. ಹೆಸರೇ ಹೇಳುವಂತೆ ಅದು ಗ್ರಾಮದೇವಿಯ ಜಾಗ. ಗಾಂಧೀಜಿಯವರು 1917ರಿಂದ 1934ರವರೆಗೆ ಮುಂಬಯಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಮಣಿಭವನ ಇಲ್ಲಿಯೇ ಇದೆ.

ಈ ಗಾಮದೇವಿಯ ವಿಷಯದಲ್ಲಿ ಕನ್ನಡನಾಡಿನ ಜನರಿಗೆ ಹೆಮ್ಮೆಪಡಲು ಒಂದು ನಿಜವಾದ ಕಾರಣವಿದೆ. 1915ರಲ್ಲಿ ಸ್ಥಾಪನೆಯಾದ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿಯ ಮನೆಗಳು ಇಲ್ಲಿವೆ. ನಮ್ಮ ದೇಶದಲ್ಲಿ ಸಹಕಾರಿ ಗೃಹನಿರ್ಮಾಣದ ಆರಂಭಕಾಲದ ಮಾದರಿಗಳಲ್ಲಿ ಇದೂ ಒಂದು. ಇದರ ಹಿಂದಿದ್ದವರು ಉತ್ತರ ಕನ್ನಡದ ಚಿತ್ರಾಪುರ ಸಾರಸ್ವತ ಸಮಾಜದ ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿಯವರು. ತಮ್ಮ ಗುರುಸಮಾನರಾದ ವಕೀಲ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ 1906ರಲ್ಲಿ ಸಹಕಾರಿ ಬ್ಯಾಂಕನ್ನು ಕಟ್ಟಿದವರೂ ಇವರೇ. ಇಂದು ಡೊಂಬಿವಲಿ ಕಲ್ಯಾಣಗಳ ಎಷ್ಟೋ ಮನೆಯವರು ಪಾಸ್‌ಬುಕ್ಕು ಇಟ್ಟುಕೊಂಡಿರುವ ಎಸ್‌ವಿಸಿ ಬ್ಯಾಂಕು ಅದೇ. ಕೆನರಾ ಸಾರಸ್ವತ ಅಸೋಸಿಯೇಶನ್ ಹುಟ್ಟಿದ್ದು 1911ರಲ್ಲಿ. ತಾಡದೇವದ ತಲ್ಮಕಿವಾಡಿ ಇವರ ಹೆಸರನ್ನೇ ಹೊತ್ತಿದೆ.

ಈ ಸಂಗತಿಗಳನ್ನೆಲ್ಲ ಕಾರ್ಯಕಾರಣ ಸಮೇತ ತಿಳಿಯಬೇಕೆಂದರೆ ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್‌ಲನ್ ಅವರ ‘ಎ ಕಾಸ್ಟ್ ಇನ್ ಎ ಚೇಂಜಿಂಗ್ ವರ್ಲ್ಡ್’ ಎಂಬ ಗ್ರಂಥವನ್ನು ಓದಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುದ್ರಣಾಲಯ ಇದನ್ನು 1977ರಲ್ಲಿ ಪ್ರಕಟಿಸಿತು. 1700ರಿಂದ 1935ರವರೆಗಿನ ಚಿತ್ರಾಪುರ ಸಾರಸ್ವತರ ಚರಿತ್ರೆ ಇದರ ವಸ್ತು. ಶಾನುಭೋಗಿಕೆ ಮಾಡಿಕೊಂಡು ಕರಾವಳಿಯ ಹಳ್ಳಿಗಳಲ್ಲಿದ್ದ ಒಂದು ಸಣ್ಣ ಸಮಾಜ, ಶಿರಾಲಿಯ ಮಠವನ್ನು ನಡುವಿಗಿಟ್ಟುಕೊಂಡು, ಇಂಗ್ಲಿಷ್ ವಿದ್ಯೆ ಕಲಿತು, ನೌಕರಿಗಾಗಿ ಊರು ಬಿಟ್ಟು, ಮುಂಬಯಿಯಂಥ ನಗರದಲ್ಲಿ ಚದುರಿಹೋಗದೆ ನಿಂತ ಬಗೆಯನ್ನು ಇವರು ಬಿಡಿಸಿ ಹೇಳಿರುವ ರೀತಿ ಮೆಚ್ಚತಕ್ಕದ್ದು. ಜಾತಿಯ ಚರಿತ್ರೆಯೆಂದರೆ ಗೋತ್ರ ಪ್ರವರಗಳ ಹೊಗಳಿಕೆಯೆಂದು ತಿಳಿದಿದ್ದ ನಮಗೆ ಇದು ಹೊಸದಾಗಿ ತೋರಿತು.

ನಮ್ಮವರು ಸಾಮಾನ್ಯವಾಗಿ ಮರೆತಿರುವ ಒಂದು ವರ್ಷವನ್ನು ಇಲ್ಲಿ ನೆನೆಯಬೇಕು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮುಂಬಯಿ ಹೈಕೋರ್ಟು ಆರಂಭವಾದದ್ದೂ ಅದೇ ವರ್ಷ. ಅಂದಿನಿಂದ ಕಾರವಾರ, ಕುಮಟೆ, ಹೊನ್ನಾವರದವರಿಗೆ ಅಪೀಲಿಗೂ, ಪದವಿಗೂ, ಸರಕಾರಿ ನೌಕರಿಗೂ ಮುಂಬಯಿಯೇ ಗತಿಯಾಯಿತು. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರರು ಇದೇ ಹೈಕೋರ್ಟಿನ ನ್ಯಾಯಾಧೀಶರಾದರು, 1900ರಲ್ಲಿ ಕಾಂಗ್ರೆಸಿನ ಅಧ್ಯಕ್ಷರಾದರು, ಗಿರಗಾಂವದ ಪ್ರಾರ್ಥನಾ ಸಮಾಜದ ಮುಂದಾಳಾಗಿದ್ದರು. ಕುಂದಾಪುರ, ಉಡುಪಿ, ಮಂಗಳೂರಿನವರು ಮಾತ್ರ 1956ರ ನವೆಂಬರಿನವರೆಗೂ ಮದರಾಸಿನ ಪ್ರಜೆಗಳೇ. ಅವರ ಪಾಲಿಗೆ ಮುಂಬಯಿ ಪರಪ್ರಾಂತ. ಅವರು ಇಲ್ಲಿಗೆ ಬಂದದ್ದು ಸರಕಾರದ ಕಾಗದ ಹಿಡಿದಲ್ಲ, ಹೋಟೆಲಿನಲ್ಲಿದ್ದ ಊರವನೊಬ್ಬನ ಹೆಸರು ಹಿಡಿದು. ಒಂದೇ ಕಡಲತೀರದ ಎರಡು ತುಂಡುಗಳ ಜನ ಗಿರಗಾಂವದ ಒಂದೇ ರಸ್ತೆಯಲ್ಲಿ, ಒಬ್ಬರು ಗಿರಾಕಿಯಾಗಿ ಇನ್ನೊಬ್ಬರು ಮಾಣಿಯಾಗಿ, ಎದುರಾದದ್ದಕ್ಕೆ ಈ ಗಡಿರೇಖೆಯೂ ಒಂದು ಕಾರಣ.

ಎರಡನೆಯ ಕಾರಣ ಪ್ಲೇಗು. 1896ರಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂಬಯಿಯನ್ನು ಎಷ್ಟು ಬರಿದುಮಾಡಿತೆಂದರೆ 1891ರಲ್ಲಿ 8,21,764 ಇದ್ದ ಜನಸಂಖ್ಯೆ 1901ಕ್ಕೆ 7,76,006ಕ್ಕೆ ಇಳಿಯಿತು. 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟು ಇಕ್ಕಟ್ಟಿನ ಕೇರಿಗಳನ್ನು ಕೆಡವಿ, ಹೊಸ ರಸ್ತೆ ಹಾಕಿ, ಗಾಮದೇವಿಯಂಥ ಕಡೆ ನಿವೇಶನಗಳನ್ನು ಮಾಡಿತು. ಸುಸಜ್ಜಿತ ಬಾಡಿಗೆ ಮನೆ ಸಿಗದೆ, ಸಿಕ್ಕರೂ ಕೈಗೆಟುಕದೆ ಒದ್ದಾಡುತ್ತಿದ್ದ ಗುಮಾಸ್ತ ಕುಟುಂಬಗಳು ಒಟ್ಟಾಗಿ ತಾವೇ ಮಾಲೀಕರೂ ತಾವೇ ಬಾಡಿಗೆದಾರರೂ ಆಗುವ ಪದ್ಧತಿಯನ್ನು ತಂದುಕೊಂಡದ್ದು ಈ ಹಿನ್ನೆಲೆಯಲ್ಲಿ. ನಾವೂ ಗುಮಾಸ್ತರೇ. ಟಿಟ್ವಾಳಾದಲ್ಲಿ ಸೊಸೈಟಿಯ ಮೇಂಟೆನೆನ್ಸ್ ಬಾಕಿಗಾಗಿ ಜಗಳವಾಡುವ ಪ್ರತಿ ಭಾನುವಾರವೂ ತಲ್ಮಕಿಯವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇವೆ.

ಇಷ್ಟು ಒಳ್ಳೆಯ ಪುಸ್ತಕದ ಮೇಲೆ ನಮ್ಮ ತಕರಾರೇನು? ಪುಸ್ತಕದ ಮೇಲೆ ತಕರಾರಿಲ್ಲ. ಕಾನ್‌ಲನ್ ಒಂದು ಜಾತಿಯ ಚರಿತ್ರೆ ಬರೆಯುತ್ತೇನೆಂದು ಶೀರ್ಷಿಕೆಯಲ್ಲೇ ಹೇಳಿದ್ದಾರೆ, ಹೇಳಿದ್ದನ್ನು ಮಾಡಿದ್ದಾರೆ. ಅವರಿಗೆ ಅದು ಸಾಧ್ಯವಾದದ್ದಕ್ಕೆ ಕಾರಣವೂ ಇದೆ. ತಲ್ಮಕಿಯವರು ಬ್ಯಾಂಕು ಮತ್ತು ಸೊಸೈಟಿ ಕಟ್ಟಿ ಸುಮ್ಮನಾಗದೆ, ಇಳಿವಯಸ್ಸಿನಲ್ಲಿ ಮನೆತನಗಳ ವೃತ್ತಾಂತಗಳನ್ನು ಕಲೆಹಾಕಿ ‘ಸಾರಸ್ವತ್ ಫ್ಯಾಮಿಲೀಸ್’ ಎಂಬ ಸಂಪುಟಗಳನ್ನು ತಂದರು. ಸಮಾಜದ ಡೈರೆಕ್ಟರಿ ಇತ್ತು, ಜನಗಣತಿ ಇತ್ತು, ಮಾಸಪತ್ರಿಕೆ ಇತ್ತು, ಸೊಸೈಟಿಯ ನಡವಳಿ ಪುಸ್ತಕವಿತ್ತು. ಕಾಗದವಿದ್ದವರಿಗೆ ಇತಿಹಾಸಕಾರ ಸಿಕ್ಕಿದ. ನಮ್ಮ ತಕರಾರು ಇರುವುದು, ಈ ಪುಸ್ತಕದಿಂದ ಎರಡು ಪುಟ, ಆ ಡೈರೆಕ್ಟರಿಯಿಂದ ಒಂದು ಪುಟ ಎತ್ತಿ ‘ಗಿರಗಾಂವ-ಗಾಮದೇವಿಯ ಕನ್ನಡಿಗರ ಇತಿಹಾಸ’ವೆಂದು ಅಚ್ಚುಹಾಕುವ ನಮ್ಮ ಸ್ಮರಣ ಸಂಚಿಕೆಗಳ ಮೇಲೆ.

ಕೇಂದ್ರ ಸರಕಾರದ ಕಚೇರಿಗಳಲ್ಲಿ ಕಡತಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡುತ್ತಾರೆ. ಎ ಮತ್ತು ಬಿ ವರ್ಗದವು ಉಳಿಯತಕ್ಕವು. ಸಿ ವರ್ಗದವನ್ನು ಗೊತ್ತಾದ ಅವಧಿ ಮುಗಿದೊಡನೆ ಹರಿದು ವಿಲೇವಾರಿ ಮಾಡಬೇಕು. ಈ ಕೆಲಸವನ್ನು ನಾವು ಹಲವು ಬಾರಿ ಮಾಡಿದ್ದೇವೆ. ಸಿ ವರ್ಗದ ಕಡತಗಳಲ್ಲಿ ಏನಿರುತ್ತದೆ? ರಜೆಯ ಅರ್ಜಿ, ಮುಂಗಡದ ಅರ್ಜಿ, ಮನೆ ಸೋರುತ್ತದೆಂಬ ದೂರು. ಒಬ್ಬ ಮನುಷ್ಯ ಹೇಗೆ ಬದುಕಿದನೆಂದು ತಿಳಿಯುವುದು ಅವುಗಳಿಂದ. ಎ ವರ್ಗದ ಕಡತದಿಂದ ತಿಳಿಯುವುದು ಕಚೇರಿ ಹೇಗೆ ನಡೆಯಿತೆಂಬುದು. ನಮ್ಮ ಸ್ಮರಣ ಸಂಚಿಕೆಗಳಲ್ಲಿ ಎ ವರ್ಗ ಮಾತ್ರ ಇದೆ: ಸ್ಥಾಪನೆಯ ವರ್ಷ, ಅಧ್ಯಕ್ಷರ ಪರಂಪರೆ, ಕಟ್ಟಡ ನಿಧಿಗೆ ಕೊಟ್ಟವರ ಪಟ್ಟಿ, ಶಾಲು ಹೊದಿಸುತ್ತಿರುವ ಚಿತ್ರ.

ಇನ್ನು ನಮ್ಮ ಮನೆಯ ಸಂಗತಿ. ತಂದೆಯವರು ಉಡುಪಿಯ ಕಡೆಯವರು. 1961ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಗಿರಗಾಂವದ ಒಂದು ಹೋಟೆಲಿಗೆ ಬಂದರು. ಮೊದಲು ಕಪ್ಪು ಬಸಿ ತೊಳೆಯುವುದು, ಅನಂತರ ಮೇಜು ಒರೆಸುವುದು, ಅನಂತರ ಮಾಣಿ. ಗಲ್ಲಾದ ಮೇಲೆ ಕೂಡುವವರೆಗೆ ಅವರು ಏರಲಿಲ್ಲ. ರಾತ್ರಿ ಶಾಲೆಯಲ್ಲಿ ಕಲಿತು ಒಂದು ಖಾಸಗಿ ಕಂಪನಿಯಲ್ಲಿ ಪ್ಯೂನರಾದರು. ಅವರು ತೀರಿಕೊಂಡ ಮೇಲೆ ಊರಿನ ಮನೆಯ ಅಟ್ಟದಲ್ಲಿ ಅಜ್ಜಿಯ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಇಪ್ಪತ್ತೆಂಟು ಮನಿಯಾರ್ಡರ್ ಕೂಪನ್ನುಗಳು. ಹಣ ಕೈಗೆ ಬಂದಾಗ ಪೋಸ್ಟ್‌ಮನ್ನನು ಹರಿದು ಕೊಡುತ್ತಿದ್ದ, ಕಳಿಸಿದವನ ವಿಳಾಸವೂ ಎರಡು ಸಾಲು ಸಮಾಚಾರವೂ ಇರುವ ಆ ಚೂರನ್ನು ಓದು ಬಾರದ ಅಜ್ಜಿ ದಾರ ಕಟ್ಟಿ ಇಟ್ಟಿದ್ದಳು.

ಸಮಾಚಾರದಲ್ಲಿ ಹೆಚ್ಚೇನೂ ಇಲ್ಲ. ಕ್ಷೇಮ, ಮಳೆ ಬಂತೆ, ದನ ಕರು ಹಾಕಿತೆ. ಆದರೆ ವಿಳಾಸಗಳನ್ನು ತಾರೀಕಿನ ಪ್ರಕಾರ ಜೋಡಿಸಿದಾಗ ನಾವು ದಂಗಾದೆವು. ಹದಿಮೂರು ವರ್ಷಗಳಲ್ಲಿ ಒಂಬತ್ತು ವಿಳಾಸ. ಮೊದಲ ಮೂರು ಹೋಟೆಲುಗಳವು, ಎಲ್ಲವೂ ಧಣಿಯ ‘ಕೇರ್ ಆಫ್’. ಆ ಕಾಲದಲ್ಲಿ ಹುಡುಗರು ದುಡಿದಲ್ಲೇ ಮಲಗುತ್ತಿದ್ದರು. ರಾತ್ರಿ ಕದ ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿದರೆ ಹಾಸಿಗೆ. ನಾಲ್ಕನೆಯದು ಠಾಕುರದ್ವಾರದ ಒಂದು ಖಾನಾವಳಿ. ಐದನೆಯದು ನೋಡಿ, ಗಾಮದೇವಿ! ಕಾರವಾರ ಕಡೆಯ ಒಬ್ಬ ವಕೀಲರ ಮನೆ. ಅಲ್ಲಿ ಅವರು ಒಂದೂವರೆ ವರ್ಷ ಅಡಿಗೆಯವರ ಕೈಕೆಳಗೆ ಇದ್ದರಂತೆ. ಆ ವಕೀಲರೇ ಇಂಗ್ಲಿಷ್ ಅಕ್ಷರ ತಿದ್ದಿಸಿ ರಾತ್ರಿ ಶಾಲೆಗೆ ಹಚ್ಚಿದರೆಂದು ತಂದೆಯವರು ಹೇಳಿದ್ದು ನೆನಪಿದೆ. ಗಾಮದೇವಿಯ ಚರಿತ್ರೆಯೆಂದು ನಾವು ಹೊಗಳಿ ಓದಿದ ಪುಟಗಳ ಪಕ್ಕದಲ್ಲೇ ನಮ್ಮ ತಂದೆ ಚಾಪೆ ಹಾಸಿದ್ದರು. ವಕೀಲರ ಮನೆತನ ಯಾವುದಾದರೂ ಡೈರೆಕ್ಟರಿಯಲ್ಲಿ ಸಿಕ್ಕೀತು. ಚಾಪೆಯವರು ಸಿಕ್ಕಲಾರರು. ಇದರಲ್ಲಿ ಆ ಮನೆಯವರ ತಪ್ಪಿಲ್ಲ, ಅವರಿಗೆ ನಾವು ಋಣಿಗಳೇ. ಡೈರೆಕ್ಟರಿಯನ್ನು ಕೇರಿಯೆಂದು ತಿಳಿದವರ ತಪ್ಪು.

ಕಡೆಯ ನಾಲ್ಕು ವಿಳಾಸಗಳು ಇನ್ನೂ ವಿಚಿತ್ರ. ಅವು ಮನೆಗಳವೇ ಅಲ್ಲ. ಒಂದು ಹಿಟ್ಟಿನ ಗಿರಣಿ, ಒಂದು ಹಾಲಿನ ಡೈರಿ, ಎರಡು ಕಿರಾಣಿ ಅಂಗಡಿ. ಇದೇನೆಂದು ಅಮ್ಮನನ್ನು ಕೇಳಿದೆವು. “ನಾವು ಇದ್ದದ್ದು ಫಣಸವಾಡಿಯ ಚಾಳಿನ ಮೂರನೇ ಮಾಳಿಗೆಯಲ್ಲಿ. ಆದರೆ ಖೋಲಿ ಬೇರೆಯವರ ಹೆಸರಲ್ಲಿತ್ತು ಮಾರಾಯ. ನಮ್ಮ ಹೆಸರಿಗೆ ಕಾಗದ ಬಂದರೆ ಮಾಲೀಕನಿಗೆ ಗೊತ್ತಾಗುತ್ತಿತ್ತಲ್ಲ? ಅದಕ್ಕೆ ಕೆಳಗಿನ ಅಂಗಡಿಯ ವಿಳಾಸ ಕೊಡುವುದು” ಎಂದರು. ಅಮ್ಮ ಮದುವೆಯಾಗಿ ಬಂದದ್ದು 1973ರಲ್ಲಿ. ಅದೇ ಖೋಲಿಯಲ್ಲಿ ಊರಿನ ಮೂವರು ಹುಡುಗರಿಗೆ ಎರಡು ಹೊತ್ತು ಅನ್ನ ಬೇಯಿಸಿ ಹಾಕಿದ್ದರು, ತಿಂಗಳ ಲೆಕ್ಕದಲ್ಲಿ. ಅದು ಯಾವ ಕೂಪನ್ನಿನಲ್ಲಿಯೂ ಇಲ್ಲ, ನಾವು ಕೇಳದಿದ್ದರೆ ಅವರು ಹೇಳುತ್ತಲೂ ಇರಲಿಲ್ಲ.

ಇಲ್ಲಿ ಕಾಯಿದೆಯ ಕತೆಯಿದೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ 1940ರ ಸೆಪ್ಟೆಂಬರಿನಲ್ಲಿದ್ದ ಬಾಡಿಗೆಯನ್ನೇ ಮೂಲವಾಗಿ ಹಿಡಿದು ನಿಲ್ಲಿಸಿತು. ಬಾಡಿಗೆದಾರ ಮತ್ತೊಬ್ಬನಿಗೆ ಒಳಬಾಡಿಗೆ ಕೊಡುವುದನ್ನು ನಿಷೇಧಿಸಿತು. ಬಡವನಿಗೆ ರಕ್ಷಣೆಯಾಗಬೇಕೆಂದು ಬಂದ ಕಾಯಿದೆ. ರಸೀದಿ ಇದ್ದವನಿಗೆ ಅದರಿಂದ ನಿಜವಾಗಿಯೂ ರಕ್ಷಣೆಯಾಯಿತು. ಆದರೆ ಮಾಲೀಕ ದುರಸ್ತಿ ಬಿಟ್ಟ, ಪಾಗಡಿ ಬೆಳೆಯಿತು, ರಸೀದಿಯಿಲ್ಲದವನು ಕಾಣಿಸಿಕೊಳ್ಳದೆ ಬದುಕುವುದನ್ನು ಕಲಿತ. 1999ರ ಮಹಾರಾಷ್ಟ್ರ ಕಾಯಿದೆ ಬರುವವರೆಗೆ ಇದೇ ವ್ಯವಸ್ಥೆ. ಹಾಗಾದರೆ ಗಿರಗಾಂವದ ನಮ್ಮ ಜನರ ವಿಷಯ ದಾಖಲೆಯಿಲ್ಲವೆಂದು ಇತಿಹಾಸಕಾರರನ್ನು ಮಾತ್ರ ದೂರುವುದು ನ್ಯಾಯವಲ್ಲ. ದಾಖಲೆಯಾಗಬಾರದೆಂದು ನಮ್ಮ ಜನರೇ ಎಚ್ಚರವಹಿಸಿದ್ದರು. ಈ ಮಾತು ನಾವು ಓದಿದ ಯಾವ ಸ್ಮರಣ ಸಂಚಿಕೆಯಲ್ಲೂ ಇರಲಿಲ್ಲ. ಇದು ಅಡಿಗೆಮನೆಯಲ್ಲಿ ಸಿಕ್ಕಿತು.

ಚಾಳುಗಳ ಬಗ್ಗೆ ಬೇರೆಯವರು ಬರೆದಿಲ್ಲವೆಂದಲ್ಲ. ಮರಾಠಿಯಲ್ಲಿ ಗೋವಿಂದ ನಾರಾಯಣ ಮಾಡಗಾಂವಕರರು 1863ರಷ್ಟು ಹಿಂದೆಯೇ ‘ಮುಂಬಯಿಚೆ ವರ್ಣನ’ ಬರೆದು, ಕೆರೆ ಬಾವಿ ಪೇಟೆಗಳಿಂದ ಹಿಡಿದು ಬೀದಿಯ ಜನರವರೆಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ದಾಖಲಿಸಿದರು. ಪರವೂರಿನಿಂದ ಬಂದ ಒಬ್ಬ ಮಾಸ್ತರರು ನಗರವನ್ನು ನೋಡುವ ಕುತೂಹಲ ಅದರಲ್ಲಿದೆ. ನಮ್ಮ ಕಾಲದಲ್ಲಿ ನೀರಾ ಆಡಾರಕರ್ ಸಂಪಾದಿಸಿದ ‘ದ ಚಾಲ್ಸ್ ಆಫ್ ಮುಂಬಯಿ’ (2011) ಚಾಳಿನ ಉದ್ದನೆಯ ಪಡಸಾಲೆಯನ್ನೇ ಹಿಡಿದು ಅಲ್ಲಿನ ಜೀವನವನ್ನು ತೋರಿಸುತ್ತದೆ. ನಿಖಿಲ್ ರಾವ್ ಅವರ ‘ಹೌಸ್, ಬಟ್ ನೋ ಗಾರ್ಡನ್’ (2013) ಮಾಟುಂಗದ ಕಡೆಯ ಫ್ಲ್ಯಾಟುಗಳಲ್ಲಿ ‘ದಕ್ಷಿಣ ಭಾರತೀಯ’ನೆಂಬ ಹೊಸ ಗುರುತು ಹೇಗೆ ಹುಟ್ಟಿತೆಂದು ವಿವರಿಸುತ್ತದೆ. ಎರಡೂ ಪುಸ್ತಕಗಳು ಓದತಕ್ಕವು. ಕನ್ನಡದವನಾಗಿ ಓದುವಾಗ ಮಾತ್ರ ಯಾರದೋ ಮದುವೆಯ ಆಲ್ಬಮ್ಮಿನಲ್ಲಿ ನಮ್ಮವರ ಬೆನ್ನು ಕಂಡಂತಾಗುತ್ತದೆ.

ಕನ್ನಡದಲ್ಲಿ ಏನಿದೆಯೆಂದು ನೋಡೋಣ. ಗಿರಗಾಂವದ ಹಳೆಯ ಕನ್ನಡಿಗರೆಂದರೆ ನಮಗೆ ಮೊದಲು ಹೊಳೆಯಬೇಕಾದ ಹೆಸರು ದಿನಕರ ದೇಸಾಯಿಯವರದು. ಚುಟುಕಗಳ ದೇಸಾಯಿಯವರನ್ನು ನಮ್ಮ ಸಭೆಗಳಲ್ಲಿ ಉದ್ಧರಿಸದ ಭಾಷಣಕಾರರಿಲ್ಲ. ಆದರೆ ಸ್ಯಾಂಡ್‌ಹರ್ಸ್ಟ್ ರಸ್ತೆಯಲ್ಲಿ, ಅಂದರೆ ಇಂದಿನ ಸರದಾರ ವಲ್ಲಭಭಾಯಿ ಪಟೇಲ ರಸ್ತೆಯಲ್ಲಿ, ಮುಂಬಯಿ ಶಾಖೆಯನ್ನಿಟ್ಟುಕೊಂಡಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿ ಅವರು ನಾವಿಕರ ಸಂಘಟನೆಯಲ್ಲಿ ದುಡಿದದ್ದನ್ನು, 1940ರಲ್ಲಿ ಹಡಗಿನ ಕಾರ್ಮಿಕರ ನೇಮಕಾತಿ, ದುಡಿಮೆಗಳ ಬಗ್ಗೆ ‘ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ’ ಎಂಬ ಗ್ರಂಥ ಬರೆದದ್ದನ್ನು ಹೇಳುವವರು ಕಡಮೆ. ಊರಿನ ರೈತರ ಪರ ನಿಂತದ್ದಕ್ಕೆ ಉತ್ತರ ಕನ್ನಡದಿಂದ ಗಡೀಪಾರಾದ ಮನುಷ್ಯ, ಯಾವ ನೆಲದಲ್ಲೂ ವಿಳಾಸವಿಲ್ಲದ ನಾವಿಕರ ಲೆಕ್ಕ ಬರೆದರು. ಇಂಥವರು ನಮ್ಮ ನಡುವೆ ಇದ್ದು, ಅವರ ಚುಟುಕವನ್ನಿಟ್ಟುಕೊಂಡು ಆ ಲೆಕ್ಕದ ಪುಸ್ತಕವನ್ನು ನಾವು ಕೈಬಿಟ್ಟೆವು. ವಾರ್ಷಿಕೋತ್ಸವಕ್ಕೆ ಚುಟುಕವೇ ಅನುಕೂಲವೆಂದು ಕಾಣುತ್ತದೆ.

ಕಥೆ ಕಾದಂಬರಿಗಳಲ್ಲಿ ಮುಂಬಯಿ ಕನ್ನಡ ಸಮೃದ್ಧವಾಗಿದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ದೊಡ್ಡ ಕೃತಿಯೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅದರ ಬೆಳಕು ಬೀಳುವುದು ನಾಗಪ್ಪನ ಒಳಗಿನ ಭಯದ ಮೇಲೆ, ಕಂಪನಿಯ ಮೇಲಧಿಕಾರಿಗಳ ಒಳಸಂಚಿನ ಮೇಲೆ. ನಗರ ಅಲ್ಲಿ ಅವನನ್ನು ಅಟ್ಟಿಸಿಕೊಂಡು ಬರುವ ಶಕ್ತಿ. ಅವನ ನೆರೆಹೊರೆಯವರು ನೆರಳುಗಳು. 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ದಲ್ಲಿ ಕಾರ್ಮಿಕರಿದ್ದಾರೆ, ಆದರೆ ಸಂಘಟನೆಯ ಮೂಲಕ ಇದ್ದಾರೆ. ಕೇರಿಯನ್ನು ಕೇರಿಯಾಗಿ ಕಂಡವರು, ನಮ್ಮ ಮಟ್ಟಿಗೆ ಹೇಳುವುದಾದರೆ, ಜಯಂತ ಕಾಯ್ಕಿಣಿಯವರು. ‘ಒಪೆರಾ ಹೌಸ್’ ಎಂಬ ಅವರ ಕಥೆಯನ್ನೇ ತೆಗೆದುಕೊಳ್ಳಿ. ಗಿರಗಾಂವದ ಅಂಚಿನಲ್ಲಿರುವ ಈ ಚಿತ್ರಮಂದಿರವನ್ನು 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದ್ದು, ಅದು 1990ರ ದಶಕದಲ್ಲಿ ಮುಚ್ಚಿ 2016ರಲ್ಲಿ ಮತ್ತೆ ತೆರೆದದ್ದು ಎಲ್ಲ ಪ್ರವಾಸಿ ಪುಸ್ತಕಗಳಲ್ಲಿ ಸಿಗುತ್ತದೆ. ಕಾಯ್ಕಿಣಿಯವರು ಹಿಡಿದದ್ದು ಆಟ ಮುಗಿದ ಮೇಲೆ ಕುರ್ಚಿಗಳ ಕೆಳಗೆ ಕಸ ಗುಡಿಸುವ ಇಂದ್ರನೀಲನನ್ನು, ಜನ ಬಿಟ್ಟುಹೋದ ವಸ್ತುಗಳನ್ನು. ಈ ಕಥೆಯನ್ನೂ ಒಳಗೊಂಡ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಎಂಬ ಇಂಗ್ಲಿಷ್ ಅನುವಾದ ಸಂಕಲನಕ್ಕೆ 2018ನೇ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಬಂದಾಗ ನಮ್ಮ ಸಂಘಗಳು ಹಾರ ಹಾಕಿದವು. ಇಂದ್ರನೀಲನಂಥವರು ನಮ್ಮ ಸದಸ್ಯರ ಪಟ್ಟಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ಯಾರೂ ಕೇಳಲಿಲ್ಲ.

ಆದರೂ ಒಂದು ಮಾತು. ಕಥೆಯಿದೆಯಲ್ಲ, ಇನ್ನು ಇತಿಹಾಸವೇಕೆ ಎಂದು ಕೆಲವು ಸಾಹಿತಿ ಮಿತ್ರರು ವಾದಿಸುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ. ಕಥೆಗಾರ ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಬಹುದು, ಮೂರನೇ ಮಾಳಿಗೆಯನ್ನು ನಾಲ್ಕನೆಯದೆನ್ನಬಹುದು. ಅವನಿಗೆ ಅದು ಹಕ್ಕು. ನಮ್ಮ ಅಮ್ಮ ಅನ್ನ ಹಾಕಿದ ಮೂವರು ಹುಡುಗರು ಯಾರು, ಮುಂದೆ ಏನಾದರು ಎಂಬುದನ್ನು ಕಥೆ ಹೇಳಬೇಕಾಗಿಲ್ಲ. ಯಾರಾದರೂ ಹೇಳಬೇಕು.

ಜಾತಿವಾರು, ಸಂಘವಾರು ಬರೆಯುವುದನ್ನು ಬಿಟ್ಟು ವಾಡಿವಾರು ಬರೆಯಬೇಕೆಂಬುದು ನಮ್ಮ ಸೂಚನೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಿಂದ ಹಿಡಿದು ನಮ್ಮ ಪ್ರತಿಯೊಂದು ಸಂಘವೂ ತನ್ನ ತನ್ನ ಚರಿತ್ರೆಯನ್ನು ಇಟ್ಟುಕೊಂಡಿದೆ, ಅದು ಒಳ್ಳೆಯದೇ. ಆದರೆ ಒಂದೇ ಚಾಳಿನ ನಲ್ಲಿಯಲ್ಲಿ ಸಾಲು ನಿಂತವರು ಎಲ್ಲ ಸಂಘಗಳ ಜನ, ಅವರೊಡನೆ ಕೊಂಕಣದ ಮರಾಠಿಗರು, ಗುಜರಾತಿಗಳು. ಬಂಟರ ಹುಡುಗನಿಗೆ ಬಿಲ್ಲವರ ಹುಡುಗ ರಾತ್ರಿ ಶಾಲೆಯ ಪುಸ್ತಕ ಕೊಟ್ಟದ್ದು, ಸಾರಸ್ವತ ವಕೀಲರು ಮಾಣಿಗೆ ಎ ಬಿ ಸಿ ಡಿ ಕಲಿಸಿದ್ದು ಯಾವ ಸಂಘದ ಚರಿತ್ರೆಯಲ್ಲಿ ಬರಬೇಕು? ಎರಡು ಸಂಘಗಳ ನಡುವೆ ಬಿದ್ದು ಅದು ಕಳೆದುಹೋಗುತ್ತದೆ. ರೇಶನ್ ಕಾರ್ಡು, ರಾತ್ರಿ ಶಾಲೆಯ ಹಾಜರಿ, ಹಳೆಯ ಮತದಾರರ ಪಟ್ಟಿ, ಕೂಪನ್ನು, ಅಂಗಡಿಯ ಉದ್ದರಿ ಪುಸ್ತಕ, ಇವು ಪುಸ್ತಕಭಂಡಾರಗಳಲ್ಲಿ ಸಿಗವು. ಡೊಂಬಿವಲಿ, ಕಲ್ಯಾಣ, ಅಂಬಿವಲಿ, ಟಿಟ್ವಾಳಾಗಳ ಕಪಾಟುಗಳ ಮೇಲಿನ ಸೂಟ್‌ಕೇಸುಗಳಲ್ಲಿ ಇವೆ, ಯಾಕೆಂದರೆ ಗಿರಗಾಂವದಿಂದ ಹೊರಟವರು ಬಂದು ಸೇರಿದ್ದು ಇಲ್ಲಿಗೆ. ನಮ್ಮ ಟಿಟ್ವಾಳಾಕ್ಕೆ ಶಕುಂತಲೆಯ ಕಾಲದ ಕಥೆಯಿದೆ, ಪೇಶ್ವೆಯವರ ಕಾಲದ ಗಣಪತಿ ಗುಡಿಯಿದೆ, ಅಂಗಾರಕಿಯಂದು ಕಾಲಿಡಲು ಜಾಗವಿಲ್ಲದಷ್ಟು ಜನ. ಈ ಕಟ್ಟಡಗಳೊಳಗೆ ಬಂದು ಕೂತವರು ಎಲ್ಲಿಂದ ಬಂದರೆಂಬ ಕಥೆ ಮಾತ್ರ ಇನ್ನೂ ಆಗಬೇಕಾಗಿದೆ. ನಾವು ಬಂದದ್ದು 1989ರಲ್ಲಿ, ಅದೂ ಮಾಲೀಕನೂ ಮೂಲ ಬಾಡಿಗೆದಾರನೂ ಕೋರ್ಟಿಗೆ ಹೋದ ಮೇಲೆ.

ಕಳೆದ ತಿಂಗಳು ಒಂದು ಶನಿವಾರ ಅಮ್ಮನನ್ನು ಕರೆದುಕೊಂಡು ಗಿರಗಾಂವಕ್ಕೆ ಹೋದೆವು. 2025ರ ಅಕ್ಟೋಬರಿನಲ್ಲಿ ಮೂರನೆಯ ಮೆಟ್ರೊ ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ನೆಲದ ಕೆಳಗೇ ಗಿರಗಾಂವ ಸ್ಟೇಶನ್ನು. ಅದಕ್ಕಾಗಿ ಕೆಡವಿದ ಹಳೆಯ ಕಟ್ಟಡಗಳು ಇದ್ದ ಜಾಗವನ್ನು ಅಮ್ಮ ಗುರುತು ಹಿಡಿಯಲಾಗದೆ ನಿಂತರು. ಫಣಸವಾಡಿಯ ವೆಂಕಟೇಶ ದೇವಸ್ಥಾನದ ಗೋಪುರ ಕಂಡೊಡನೆ ದಿಕ್ಕು ಸಿಕ್ಕಿತು. ಅಲ್ಲಿಂದ ಹೆಜ್ಜೆ ಎಣಿಸುತ್ತ ನಡೆದು, ಒಂದು ಮೊಬೈಲ್ ಅಂಗಡಿಯ ಮುಂದೆ ನಿಂತು, “ಗಿರಣಿ ಇದ್ದದ್ದು ಇದೇ” ಎಂದರು. ಏಳನೆಯ ವಿಳಾಸ ಅದು. ಅಂಗಡಿಯ ಹುಡುಗ ಏನು ಬೇಕೆಂದು ಹಿಂದಿಯಲ್ಲಿ ಕೇಳಿದ. ಚಾರ್ಜರು ಕೊಂಡು ಬಂದೆವು.

ಸ್ಮರಣ ಸಂಚಿಕೆಯ ಸಮಿತಿಯವರಿಗೆ ನಾಲ್ಕು ಪುಟದ ಬದಲು ಒಂಬತ್ತು ವಿಳಾಸಗಳ ಒಂದು ಪಟ್ಟಿಯನ್ನು, ತಾರೀಕು ಸಮೇತ, ಕಳಿಸಿಕೊಟ್ಟಿದ್ದೇವೆ. ಹಾಕುವರೋ ಬಿಡುವರೋ ಅವರಿಗೆ ಬಿಟ್ಟದ್ದು. ಎರಡು ಕೂಪನ್ನುಗಳಲ್ಲಿ ಅಂಚೆಯ ಮುದ್ರೆ ವಿಳಾಸದ ಮೇಲೆಯೇ ಬಿದ್ದಿರುವುದರಿಂದ ಓದಲಾಗಿಲ್ಲ. ಒಂದು 1964ರ ಮಾರ್ಚಿನದು, ಇನ್ನೊಂದು 1968ರ ಗಣೇಶ ಚೌತಿಯ ಹೊತ್ತಿನದು. ಆ ಕಾಲದಲ್ಲಿ ಠಾಕುರದ್ವಾರ, ಫಣಸವಾಡಿ, ಮುಗಭಾಟಗಳಲ್ಲಿ ಇದ್ದವರು ಯಾರಾದರೂ ಈ ಪತ್ರಿಕೆಯ ವಾಚಕರಲ್ಲಿದ್ದರೆ ಸಂಪಾದಕರ ಮೂಲಕ ನಮಗೆ ಒಂದು ಸಾಲು ಬರೆಯಬೇಕು. ಹೋಟೆಲಿನ ಹೆಸರು ಮರೆತಿದ್ದರೆ ಅಡ್ಡಿಯಿಲ್ಲ, ಯಾವ ಮೂಲೆಯಲ್ಲಿತ್ತು ಎಂದರೆ ಸಾಕು. ಫಣಸವಾಡಿಯ ಮೂರನೇ ಮಾಳಿಗೆಯಲ್ಲಿ 1973-74ರಲ್ಲಿ ಊಟ ಮಾಡಿದ ಮೂವರಲ್ಲಿ ಒಬ್ಬರು ಬರೆದರಂತೂ ಅಮ್ಮನಿಗೆ ಓದಿ ಹೇಳುತ್ತೇವೆ.